ಯಾರೋ ಬರೆದ ಹಳೇ ಕೋಡ್ ಓದೋಕೆ ಗಿಟ್ ಹೇಗಿದೆ? ಮೂರು ತಿಂಗಳು ಬಳಸಿದ ಮೇಲೆ ನನ್ನ ರಿವ್ಯೂ

ಗಿಟ್‌ಗೆ ಏನ್ ರಿವ್ಯೂ ಬರೀತೀಯೋ ಮಾರಾಯ, ಅದೇನ್ ಹೊಸ ಹೋಟ್ಲಾ ಅಂತ ನಗ್ಬೇಡಿ. ಗಿಟ್ ಅಂದ್ರೆ ಕೋಡಲ್ಲಿ ಯಾರು, ಯಾವಾಗ, ಏನು ಬದಲಾಯಿಸಿದ್ರು ಅಂತ ಲೆಕ್ಕ ಇಡೋ ಸಾಫ್ಟ್‌ವೇರ್, ಒಂದೊಂದು ಸಲ ಒಳಗೆ ಹಾಕಿದ ಬದಲಾವಣೆಗೆ ಕಮಿಟ್ ಅಂತಾರೆ. ನಾನೂ ಒಂಬತ್ತು ವರ್ಷದಿಂದ ಗಿಟ್ ಬಳಸ್ತಿದೀನಿ, ಬಳಸೋದು ಅಂದ್ರೆ ಏನು, ಪುಲ್, ಕಮಿಟ್, ಪುಶ್, ಕಾನ್‌ಫ್ಲಿಕ್ಟ್ ಬಂದ್ರೆ ಪಕ್ಕದ ಸೀಟಿನವರನ್ನ ಕರೆಯೋದು, ಅಷ್ಟೇ. ಅದೊಂಥರಾ ಗೋಡೌನ್ ನನಗೆ, ಬರೆದಿದ್ದನ್ನ ತಗೊಂಡು ಹೋಗಿ ಒಳಗೆ ಹಾಕಿ ಬಾಗಿಲು ಹಾಕ್ಕೊಂಡು ಬರೋದು. ಈ ವರ್ಷ ಕೆಲಸ ಬದಲಾಯಿಸಿದ ಮೇಲೆ ಆ ಗೋಡೌನ್ ಒಳಗೆ ಕೂತ್ಕೊಂಡು ಓದೋ ಪರಿಸ್ಥಿತಿ ಬಂತು, ಅದಕ್ಕೆ ಈ ರಿವ್ಯೂ.

ಕಂಪನಿ ಹೆಸರು ಬೇಡ. ಬೆಂಗಳೂರಲ್ಲೇ ಇದೆ, ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತಾರೆ, ಜಾವಾ, ಸುಮಾರು ನಾಲ್ಕು ಲಕ್ಷ ಸಾಲು, ಶುರುವಾಗಿದ್ದು 2013ರಲ್ಲಿ. ಬರೆದವರಲ್ಲಿ ಒಬ್ಬರೂ ಈಗ ಇಲ್ಲ. ಕೆಟಿ (ನಾಲೆಜ್ ಟ್ರಾನ್ಸ್‌ಫರ್, ಹಳಬರು ಹೊಸಬರಿಗೆ ಕೆಲಸ ಹೇಳಿಕೊಡೋದು) ಅಂತ ಎರಡು ವಿಡಿಯೋ ಕೊಟ್ರು, ಒಂದರಲ್ಲಿ ಇಪ್ಪತ್ತು ನಿಮಿಷ ಮೈಕ್ ಮ್ಯೂಟ್ ಆಗಿದೆ, ಮೌಸ್ ಮಾತ್ರ ಅಲ್ಲಿ ಇಲ್ಲಿ ಓಡಾಡುತ್ತೆ. ಟೀಮ್ ಲೀಡ್ ಒಳ್ಳೆಯವರು, ಆದ್ರೆ ಅವರೂ ಬಂದು ಎಂಟು ತಿಂಗಳಷ್ಟೇ. "ನೋಡಿ, ಅದು ಓಡ್ತಿದೆ, ಓಡೋದನ್ನ ನಿಲ್ಲಿಸ್ಬೇಡಿ, ಅಷ್ಟು ಮಾಡಿದ್ರೆ ಸಾಕು" ಅಂದ್ರು. ನಾಲ್ಕು ಲಕ್ಷ ಸಾಲನ್ನ ಮೊದಲ ಸಾಲಿಂದ ಓದ್ಕೊಂಡು ಹೋಗೋಕೆ ಆಗುತ್ತಾ ಹೇಳಿ. ಎರಡು ದಿನ ಹಾಗೇ ಮಾಡ್ದೆ, ಮೂರನೇ ದಿನ ನಿದ್ದೆ ಬಂತು.

ಆವಾಗ ಸುಮ್ನೆ ಒಂದು ಫೈಲ್ ತೆಗೆದು ಗಿಟ್ ಬ್ಲೇಮ್ ಅನ್ನೋ ಕಮಾಂಡ್ ಹಾಕ್ದೆ, ಯಾವ ಸಾಲು ಯಾರು ಬರೆದಿದ್ದು ನೋಡೋಣ ಅಂತ. ಎಲ್ಲಾ ಸಾಲಿಗೂ ಒಂದೇ ಹೆಸರು, ಒಂದೇ ತಾರೀಖು, ಅದೂ ಹೋದ ವಾರದ್ದು. ಇನ್ನೊಂದು ಫೈಲ್, ಅದೂ ಹಾಗೇ. ಅಯ್ಯಪ್ಪಾ, ಹನ್ನೆರಡು ವರ್ಷದ ಕೋಡನ್ನ ಒಬ್ಬನೇ ಪುಣ್ಯಾತ್ಮ ಒಂದೇ ಮಧ್ಯಾಹ್ನ ಬರೆದು ಮುಗಿಸಿದಾನಾ ಅನ್ಕೊಂಡೆ. ಆಮೇಲೆ ಗೊತ್ತಾಯ್ತು, ಸೆಟಪ್ ಡಾಕ್ಯುಮೆಂಟಲ್ಲೇ ಕ್ಲೋನ್ ಮಾಡುವಾಗ (ಸರ್ವರ್‌ನಿಂದ ನಮ್ಮ ಕಂಪ್ಯೂಟರ್‌ಗೆ ಕೋಡ್ ಇಳಿಸ್ಕೊಳ್ಳುವಾಗ) ಡೆಪ್ತ್ 1 ಹಾಕಿ ಅಂತ ಬರೆದಿದಾರೆ, ಬೇಗ ಡೌನ್‌ಲೋಡ್ ಆಗ್ಲಿ ಅಂತ. ಹಾಗೆ ಮಾಡಿದ್ರೆ ಕೊನೇ ಕಮಿಟ್ ಒಂದೇ ಬರುತ್ತೆ, ಹಿಂದಿನ ಚರಿತ್ರೆ ಏನೂ ಬರಲ್ಲ. ಬ್ಲೇಮ್‌ನಲ್ಲಿ ಕಮಿಟ್ ನಂಬರಿನ ಮುಂದೆ ಒಂದು ಸಣ್ಣ ಟೊಪ್ಪಿ ಥರದ ಗುರುತು ಇದ್ರೆ ಇದಕ್ಕಿಂತ ಹಿಂದೆ ನನ್ನ ಹತ್ರ ಇಲ್ಲ ಅಂತ ಅರ್ಥ, ಅದು ನನಗೆ ಗೊತ್ತಿರ್ಲಿಲ್ಲ. ಗಿಟ್ ಫೆಚ್‌ಗೆ ಅನ್‌ಶ್ಯಾಲೋ ಅಂತ ಸೇರಿಸಿ ಓಡಿಸ್ದೆ, ಹೋಗಿ ಕಾಫಿ ಕುಡ್ಕೊಂಡು ಬರೋಷ್ಟ್ರಲ್ಲಿ ಹದಿನೆಂಟು ಸಾವಿರ ಕಮಿಟ್ ಬಂದು ಕೂತಿತ್ತು. ನೀವು ಹೊಸ ಕೆಲಸಕ್ಕೆ ಸೇರಿದ್ರೆ ಮೊದಲು ಇದನ್ನ ನೋಡ್ಕೊಳ್ಳಿ, ಮಿಕ್ಕಿದ್ದೆಲ್ಲ ಆಮೇಲೆ.

ನಮ್ಮಪ್ಪಂಗೆ ಊರಲ್ಲಿ ಒಂದೂವರೆ ಎಕರೆ ಜಮೀನಿಂದು ತಕರಾರು ಇತ್ತು, ಹಾಗಾಗಿ ಚಿಕ್ಕಂದಿನಲ್ಲಿ ತಾಲ್ಲೂಕ್ ಆಫೀಸು ನನಗೆ ಅಜ್ಜಿ ಮನೆ ಥರ. ಅಪ್ಪ ಯಾವಾಗ್ಲೂ ಹೇಳೋರು, ಜಮೀನು ನೋಡೋಕೆ ಹೋದೋನು ಹೊಲ ನೋಡಿ ಬರ್ತಾನೆ, ಕೊಳ್ಳೋಕೆ ಹೋದೋನು ಪಹಣಿ ನೋಡಿ ಬರ್ತಾನೆ ಅಂತ. ಬ್ಲೇಮ್ ಅಂದ್ರೆ ಪಹಣಿನೇ ಕಣ್ರಿ. ಈಗ ಈ ಸಾಲು ಯಾರ ಹೆಸರಲ್ಲಿದೆ ಅಂತ ತೋರ್ಸುತ್ತೆ. ಆದ್ರೆ ಪಹಣೀಲಿ ಹೆಸರಿದೆ ಅಂದ ಮಾತ್ರಕ್ಕೆ ಅವರೇ ಉತ್ತು ಬೆಳೆದೋರು ಅಂತಲ್ವಲ್ಲ, ಮ್ಯುಟೇಶನ್ ನೋಡ್ಬೇಕು, ಇಸಿ ತೆಗೆಸ್ಬೇಕು, ಮೂಲ ಪತ್ರದವರೆಗೂ ಹೋಗ್ಬೇಕು. ಗಿಟ್‌ನಲ್ಲಿ ಆ ಕೆಲಸ ಲಾಗ್ ಅನ್ನೋ ಕಮಾಂಡ್ ಮಾಡುತ್ತೆ, ಹಿಂದಿನ ಕಮಿಟ್‌ಗಳನ್ನ ಪಟ್ಟಿ ಮಾಡಿ ತೋರ್ಸುತ್ತೆ. ಬರೀ ಬ್ಲೇಮ್ ನೋಡಿ ನಿಲ್ಲಿಸೋರು ಅರ್ಧ ದಾರೀಲಿ ಬಸ್ ಇಳಿದ ಹಾಗೆ.

ಯಾಕೆ ಅಂದ್ರೆ ನನಗೆ ಎರಡನೇ ಪೆಟ್ಟು ಬಿದ್ದಿದ್ದು ಅಲ್ಲೇ. ಚರಿತ್ರೆ ಪೂರ್ತಿ ಬಂದ ಮೇಲೂ ಅರ್ಧಕ್ಕರ್ಧ ಸಾಲು 2019ರ ಒಂದೇ ಕಮಿಟ್‌ಗೆ ಹೋಗಿ ನಿಲ್ತಿತ್ತು. ಯಾರೋ ಉತ್ಸಾಹಿಗಳು ಟ್ಯಾಬ್ ತೆಗೆದು ಸ್ಪೇಸ್ ಹಾಕೋಕೆ ಅಂತ ಇಡೀ ಪ್ರಾಜೆಕ್ಟ್ ಮೇಲೆ ಫಾರ್ಮ್ಯಾಟರ್ ಓಡಿಸಿದಾರೆ. ಇದಕ್ಕೆ ಗಿಟ್‌ನಲ್ಲಿ ಮದ್ದಿದೆ, 2019ರಲ್ಲೇ ಬಂದ 2.23 ವರ್ಷನ್‌ನಿಂದ. ಆ ಥರದ ಕಮಿಟ್ ನಂಬರ್‌ಗಳನ್ನ ಒಂದು ಫೈಲಲ್ಲಿ ಬರೆದಿಟ್ಟು, ಬ್ಲೇಮ್‌ಗೆ ಇಗ್ನೋರ್ ರೆವ್ಸ್ ಫೈಲ್ ಅಂತ ಕೊಟ್ರೆ ಅವನ್ನ ದಾಟಿ ಹಿಂದಕ್ಕೆ ಹೋಗುತ್ತೆ. ಜೊತೆಗೆ ಡ್ಯಾಶ್ ಡಬ್ಲ್ಯು ಹಾಕಿದ್ರೆ ಬರೀ ಸ್ಪೇಸ್ ಬದಲಾವಣೆ ಲೆಕ್ಕಕ್ಕಿಲ್ಲ, ಡ್ಯಾಶ್ ದೊಡ್ಡ ಸಿ (ಕ್ಯಾಪಿಟಲ್ ಅಕ್ಷರ) ಅಂತ ಮೂರು ಸಲ ಹಾಕಿದ್ರೆ ಬೇರೆ ಫೈಲಿಂದ ಕಾಪಿ ಹೊಡೆದು ತಂದ ಸಾಲಿನ ಮೂಲಾನೂ ಹುಡುಕುತ್ತೆ. ಹೌದು, ಮೂರು ಸಲ, ಒಂದೇ ಅಕ್ಷರ. ಯಾರಿಗೆ ಈ ಐಡಿಯಾ ಬಂತೋ. ನಿಧಾನ ಬೇರೆ, ದೊಡ್ಡ ಫೈಲಿಗೆ ನಿಮಿಷಗಟ್ಟಲೆ ತಗೊಳುತ್ತೆ.

ಇನ್ನು ಎಲ್ಲಿಂದ ಶುರು ಮಾಡೋದು ಅನ್ನೋ ಪ್ರಶ್ನೆ. ಲಾಗ್‌ಗೆ ನೇಮ್ ಓನ್ಲಿ ಅಂತ ಕೊಟ್ರೆ ಪ್ರತಿ ಕಮಿಟಲ್ಲೂ ಯಾವ್ಯಾವ ಫೈಲ್ ಬದಲಾಗಿದೆ ಅಂತ ಸುರೀತಾ ಹೋಗುತ್ತೆ, ಅದನ್ನ ಸಾರ್ಟ್ ಮಾಡಿ, ಯೂನಿಕ್‌ಗೆ ಡ್ಯಾಶ್ ಸಿ ಹಾಕಿ ಎಣಿಸಿ, ಮತ್ತೆ ತಲೆಕೆಳಗಾಗಿ ಸಾರ್ಟ್ ಮಾಡಿ ಮೊದಲ ಇಪ್ಪತ್ತು ನೋಡಿ. ನಾಲ್ಕು ಲಕ್ಷ ಸಾಲು ಅಂತ ಹೆದರಿಕೊಂಡಿದ್ನಲ್ಲ, ಹೋದ ಒಂದು ವರ್ಷಕ್ಕೆ ಮಾತ್ರ ಸೀಮಿತ ಮಾಡಿ ನೋಡಿದ್ರೆ ಪದೇ ಪದೇ ಮುಟ್ಟಿರೋದು ಹದಿನಾಲ್ಕು ಫೈಲ್. ಹದಿನಾಲ್ಕೇ! ಮಿಕ್ಕಿದ್ದು ಅಟ್ಟದ ಮೇಲಿನ ತಾಮ್ರದ ಹಂಡೆ, ಇದೆ, ಇರ್ಲಿ. ಆ ಹದಿನಾಲ್ಕನ್ನ ಪೇಪರ್ ಮೇಲೆ ಬರ್ಕೊಂಡು ಮಾನಿಟರ್ ಪಕ್ಕ ಅಂಟಿಸ್ಕೊಂಡೆ. ಮೂರು ತಿಂಗಳಲ್ಲಿ ನಾನು ಮಾಡಿದ ಕೆಲಸದಲ್ಲಿ ಮುಕ್ಕಾಲು ಪಾಲು ಆ ಚೀಟಿ ಒಳಗೇ ಮುಗಿದಿದೆ.

ಈಗ ನನಗೆ ನಿಜವಾಗ್ಲೂ ಖುಷಿ ಕೊಟ್ಟಿದ್ದು. ಲಾಗ್‌ನಲ್ಲಿ ಡ್ಯಾಶ್ ದೊಡ್ಡ ಎಲ್ ಅಂತ ಒಂದಿದೆ. ಫೈಲ್ ಹೆಸರು, ಯಾವ ಸಾಲಿಂದ ಯಾವ ಸಾಲು ಅಂತ ಕೊಟ್ರೆ, ಅಷ್ಟು ಭಾಗ ಮಾತ್ರ ಹುಟ್ಟಿದಾಗಿನಿಂದ ಹೇಗೆ ಬದಲಾಯ್ತು ಅಂತ ಒಂದೊಂದೇ ಕಮಿಟ್ ತೋರಿಸ್ಕೊಂಡು ಹೋಗುತ್ತೆ. ಚೀಟೀಲಿ ಮೊದಲನೇ ಫೈಲ್ ಟ್ಯಾಕ್ಸ್ ಲೆಕ್ಕ ಹಾಕೋದು, ಅದರ ಮುಖ್ಯ ಫಂಕ್ಷನ್ ಮೇಲೆ ಇದನ್ನ ಓಡಿಸ್ದೆ. ಕೆಳಗಿಂದ ಮೇಲಕ್ಕೆ ಓದ್ಕೊಂಡು ಬಂದ್ರೆ, ಮೊದಲು 12.36 ಅನ್ನೋ ಸಂಖ್ಯೆ ಇದೆ, ಆಗಿನ ಸರ್ವಿಸ್ ಟ್ಯಾಕ್ಸ್ ಶೇಕಡಾವಾರು. 2015ರ ಮೇ ಕೊನೇಲಿ ಯಾರೋ ಅದನ್ನ 14 ಮಾಡಿದಾರೆ. ಅದೇ ನವೆಂಬರ್‌ನಲ್ಲಿ ಸ್ವಚ್ಛ ಭಾರತ್ ಸೆಸ್ ಅಂತ ಇನ್ನೊಂದು ಸಾಲು ಸೇರಿ 14.5 ಆಗಿದೆ. 2016ರ ಜೂನ್ ಹತ್ತಿರ ಕೃಷಿ ಕಲ್ಯಾಣ್ ಸೆಸ್, 15. ಆಮೇಲೆ 2017ರ ಜೂನ್ ಕೊನೇ ವಾರ ಪುಟಗಟ್ಟಲೆ ಕೆಂಪು ಹಸಿರು (ಕೆಂಪು ತೆಗೆದಿದ್ದು, ಹಸಿರು ಸೇರಿಸಿದ್ದು), ಸರ್ವಿಸ್ ಟ್ಯಾಕ್ಸ್ ಅನ್ನೋ ಹೆಸರೆಲ್ಲ ಹೋಗಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಐಜಿಎಸ್‌ಟಿ ಬಂದಿದೆ, 18. ಜಿಎಸ್‌ಟಿ ಜಾರಿಯಾಗಿದ್ದು ಜುಲೈ 1, 2017, ಇವರ ಕಮಿಟ್‌ಗಳ ಟೈಮ್ ನೋಡಿದ್ರೆ ಆ ವಾರ ಯಾರೂ ಮನೆಗೆ ಹೋದ ಹಾಗೆ ಕಾಣಲ್ಲ, ರಾತ್ರಿ ಒಂದೂವರೆ, ಎರಡು ಮುಕ್ಕಾಲು, ಬೆಳಗ್ಗೆ ಐದು. ಬರೀ ಈಗಿನ ಕೋಡ್ ಓದಿದ್ರೆ ನನಗೆ ಕಾಣ್ತಿದ್ದಿದ್ದು ಒಳಗೊಳಗೆ ಒಂಬತ್ತು ಇಫ್ (ಹೀಗಿದ್ರೆ ಹಾಗೆ ಮಾಡು ಅನ್ನೋ ಷರತ್ತು) ಇರೋ ಒಂದು ಗಬ್ಬು ಫಂಕ್ಷನ್, ಬರೆದೋರನ್ನ ಬೈಕೊಂಡು ಸುಮ್ನಾಗ್ತಿದ್ದೆ. ಈಗ ಪ್ರತಿ ಇಫ್‌ಗೂ ಒಂದು ತಾರೀಖು ಇದೆ, ಒಂದು ಸರ್ಕಾರಿ ಆದೇಶ ಇದೆ, ಯಾಕೆ ಇದೆ ಅಂತ ಗೊತ್ತು. ಹಳೇ ಇನ್‌ವಾಯ್ಸ್ ರೀಪ್ರಿಂಟ್ ಮಾಡಿದ್ರೆ ಹಳೇ ರೇಟೇ ಬರ್ಬೇಕಲ್ಲ, ಅದಕ್ಕೇ ಯಾವ ರೇಟನ್ನೂ ಅಳಿಸಿಲ್ಲ ಅವರು. ಬೈಯೋ ಮನಸ್ಸು ಹೋಯ್ತು.

ಒಂದು ಎಚ್ಚರಿಕೆ, ಸಾಲಿನ ನಂಬರ್ ಬದಲು ಫಂಕ್ಷನ್ ಹೆಸರನ್ನೇ ಕೊಡಬಹುದು ಅಂತ ಮ್ಯಾನ್ಯುಯಲ್‌ನಲ್ಲಿದೆ, ಜಾವಾದಲ್ಲಿ ನನಗೆ ಅದು ಆಗ್ಲೇ ಇಲ್ಲ, ಮ್ಯಾಚ್ ಸಿಗಲಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ತು. ಕಾರಣ ಏನಂದ್ರೆ ಎಡಗಡೆ ಅಂಚಿಂದಲೇ ಶುರುವಾಗೋ ಸಾಲನ್ನಷ್ಟೇ ಗಿಟ್ ತಾನಾಗೇ ಫಂಕ್ಷನ್ ತಲೆ ಅಂತ ತಿಳ್ಕೊಳೋದು, ಜಾವಾದಲ್ಲಿ ಮೆಥಡ್ ಎಲ್ಲಾ ಕ್ಲಾಸ್ ಒಳಗೆ ಒಳಸರಿದು ಕೂತಿರುತ್ತೆ. ಗಿಟ್ ಆಟ್ರಿಬ್ಯೂಟ್ಸ್ ಫೈಲಲ್ಲಿ ಜಾವಾ ಫೈಲ್‌ಗೆ ಡಿಫ್ ಅಂದ್ರೆ ಜಾವಾ ಅಂತ ಒಂದು ಸಾಲು ಹಾಕಿದ ಮೇಲೆ ಸರಿಹೋಯ್ತು. ಇದನ್ನ ಕಂಡುಹಿಡಿಯೋಕೆ ಒಂದು ಶನಿವಾರ ಹೋಯ್ತು ನಂದು.

ಅಸಲಿ ಪರೀಕ್ಷೆ ಆಗಿದ್ದು ಎರಡನೇ ತಿಂಗಳು. ಅಕೌಂಟ್ಸ್ ಮೇಡಮ್ ಫೋನ್ ಮಾಡಿ, "ನೋಡಿ ಸರ್, ಎಲ್ಲರಿಗೂ ಇನ್‌ವಾಯ್ಸ್ ಟೋಟಲ್ ರೌಂಡ್ ಆಗಿ ಬರುತ್ತೆ, ಈ ಮೂರು ಕಸ್ಟಮರ್‌ಗೆ ಮಾತ್ರ ಪೈಸೆ ಸಮೇತ ಬರ್ತಿದೆ, ಆಡಿಟರ್ ಕೇಳ್ತಿದಾರೆ, ಏನಂತ ಹೇಳ್ಲಿ" ಅಂದ್ರು. ಕೋಡಲ್ಲಿ ಸಿಕ್ತು, ಕಸ್ಟಮರ್ ಟೈಪ್ 7 ಆಗಿದ್ರೆ ರೌಂಡ್ ಮಾಡದೇ ಹಾಗೇ ವಾಪಸ್ ಕೊಡು ಅಂತ ಎರಡು ಸಾಲು. ಮೇಲೆ ಕೆಳಗೆ ಒಂದು ಕಾಮೆಂಟ್ ಇಲ್ಲ. ಏಳು ಅಂದ್ರೆ ಯಾರು? ಡೇಟಾಬೇಸ್‌ನಲ್ಲಿ ಆರರವರೆಗೆ ಮಾತ್ರ ಹೆಸರಿದೆ. ಸುಮ್ನೆ ಕುತೂಹಲಕ್ಕೆ ಒಂದು ಎಐ ಅಸಿಸ್ಟೆಂಟ್‌ಗೆ ಆ ಫಂಕ್ಷನ್ ಹಾಕಿ ಕೇಳ್ದೆ, ಫಂಕ್ಷನ್ ಏನು ಮಾಡುತ್ತೆ ಅನ್ನೋದನ್ನ ಚೆಂದ ಮಾಡಿ ವಿವರಿಸ್ತು, ಆಮೇಲೆ ಏಳು ಅಂದ್ರೆ ಸರ್ಕಾರಿ ಗ್ರಾಹಕರು ಇರ್ಬೇಕು, ಅವರಿಗೆ ವಿನಾಯಿತಿ ಅಂತ ಯಾವ ಅಳುಕೂ ಇಲ್ದೆ ಸೇರಿಸ್ತು. ಆ ಮೂರರಲ್ಲಿ ಒಂದೂ ಸರ್ಕಾರದ್ದಲ್ಲ.

ಲಾಗ್‌ಗೆ ಡ್ಯಾಶ್ ದೊಡ್ಡ ಎಸ್ ಕೊಟ್ಟು ಪಕ್ಕದಲ್ಲಿ ಆ ಎರಡು ಸಾಲಲ್ಲಿದ್ದ ವೇರಿಯಬಲ್ ಹೆಸರು ಹಾಕ್ದೆ. ಇದಕ್ಕೆ ಪಿಕ್‌ಆಕ್ಸ್ ಅಂತಾರೆ, ಗುದ್ದಲಿ ಅಂತಾನೇ ಅನ್ಕೊಳ್ಳಿ. ಒಂದು ಪದ ಕೋಡಿಗೆ ಯಾವಾಗ ಬಂತು, ಯಾವಾಗ ಹೋಯ್ತು ಅನ್ನೋ ಕಮಿಟ್‌ಗಳನ್ನ ಮಾತ್ರ ಅಗೆದು ಕೊಡುತ್ತೆ. ಹದಿನೆಂಟು ಸಾವಿರದಲ್ಲಿ ಸಿಕ್ಕಿದ್ದು ನಾಲ್ಕು. ಎಲ್ಲಕ್ಕಿಂತ ಹಳೇದು ಜುಲೈ 3, 2017, ಸೋಮವಾರ, ರಾತ್ರಿ ಹನ್ನೊಂದು ನಲವತ್ತು. ಮೆಸೇಜ್ ಇಂಗ್ಲಿಷ್‌ನಲ್ಲಿತ್ತು, ಕನ್ನಡದಲ್ಲಿ ಹೇಳೋದಾದ್ರೆ ಇಷ್ಟು: ಕಸ್ಟಮರ್ ಕಡೆ ಸಿಸ್ಟಮ್ ರೌಂಡ್ ಆದ ಅಮೌಂಟ್ ತಗೋತಿಲ್ಲ, ಸದ್ಯಕ್ಕೆ ಹೀಗೆ, ಜುಲೈ ರಿಟರ್ನ್ ಆದ್ಮೇಲೆ ತೆಗೀಬೇಕು.

ತೆಗೀಬೇಕು! ಎಷ್ಟನೇ ಜುಲೈ ಅಂತ ಬರೆಯೋದು ಮರೆತಿದಾರೆ ಪಾಪ.

ಸರಿ ತೆಗೆದು ಬಿಡೋಣ ಅಂತ ಕೈ ಹಾಕಿದೋನು ಅದೇ ಕಮಿಟ್‌ನಲ್ಲಿ ಜೊತೆಗೆ ಇನ್ನೇನು ಬದಲಾಗಿದೆ ಅಂತ ನೋಡ್ದೆ. ನಮ್ಮ ಜಾವಾ ಫೈಲ್ ಜೊತೆಗೆ ಬೇರೆ ಯಾವುದೋ ಮೂಲೆಯ ಫೋಲ್ಡರಲ್ಲಿರೋ ಒಂದು ಎಸ್‌ಕ್ಯೂಎಲ್ ಸ್ಕ್ರಿಪ್ಟ್ (ಡೇಟಾಬೇಸ್‌ನಿಂದ ಲೆಕ್ಕ ತೆಗೆಯೋ ಸಣ್ಣ ಪ್ರೋಗ್ರಾಂ) ಬದಲಾಗಿತ್ತು, ರಾತ್ರಿ ಎರಡು ಗಂಟೆಗೆ ಓಡಿ ಆ ಮೂರು ಕಸ್ಟಮರ್‌ಗಳಿಗೆ ಎಕ್ಸ್‌ಪೋರ್ಟ್ ಫೈಲ್ ಕಳಿಸೋದು. ಅಲ್ಲೂ ಪೈಸೆ ಸಮೇತ ಲೆಕ್ಕ. ನಾನು ಜಾವಾದಲ್ಲಿ ಆ ಎರಡು ಸಾಲು ತೆಗೆದಿದ್ರೆ ಇನ್‌ವಾಯ್ಸ್ ಒಂದು ಹೇಳ್ತಿತ್ತು, ಎಕ್ಸ್‌ಪೋರ್ಟ್ ಇನ್ನೊಂದು ಹೇಳ್ತಿತ್ತು, ಮಾರನೇ ದಿನ ಬೆಳಗ್ಗೆ ಆಡಿಟರ್ ಅಲ್ಲ, ಕಸ್ಟಮರ್ರೇ ಫೋನ್ ಮಾಡ್ತಿದ್ರು. ಆ ಸ್ಕ್ರಿಪ್ಟ್‌ಗೂ ಈ ಜಾವಾ ಫೈಲ್‌ಗೂ ಕೋಡ್ ಮಟ್ಟದಲ್ಲಿ ಏನೂ ಸಂಬಂಧ ಇಲ್ಲ, ಇದು ಅದನ್ನ ಕರೆಯಲ್ಲ, ಅದು ಇದನ್ನ ಕರೆಯಲ್ಲ. ಯಾವ ಐಡಿಇ (ಕೋಡ್ ಬರೆಯೋ ಸಾಫ್ಟ್‌ವೇರ್) ಕೂಡ ಇವೆರಡು ನೆಂಟರು ಅಂತ ತೋರಿಸ್ತಿರಲಿಲ್ಲ. ಅವತ್ತು ರಾತ್ರಿ ಒಬ್ಬರು ಎರಡನ್ನೂ ಒಟ್ಟಿಗೆ ಬದಲಾಯಿಸಿದ್ರು ಅನ್ನೋದೊಂದೇ ಸಾಕ್ಷಿ. ಗಿಟ್‌ಗೆ ನಾನು ಮಾರ್ಕ್ಸ್ ಕೊಡ್ತಿರೋದು ಈ ಒಂದು ವಿಷಯಕ್ಕೆ.

ಪಿಕ್‌ಆಕ್ಸ್‌ನಲ್ಲಿ ಒಂದು ಸೂಕ್ಷ್ಮ ಇದೆ, ದೊಡ್ಡ ಎಸ್ ನೋಡೋದು ಫೈಲಲ್ಲಿ ಆ ಪದ ಎಷ್ಟು ಸಲ ಇದೆ ಅನ್ನೋ ಎಣಿಕೆ ಬದಲಾಯ್ತಾ ಅಂತ. ಅದೇ ಫೈಲಲ್ಲಿ ಮೇಲಿಂದ ಕೆಳಗೆ ಎತ್ತಿ ಹಾಕಿದ್ರೆ ಎಣಿಕೆ ಅಷ್ಟೇ ಇರುತ್ತಲ್ಲ, ಅದು ಸಿಗಲ್ಲ. ಅದೂ ಬೇಕು ಅಂದ್ರೆ ದೊಡ್ಡ ಜಿ ಹಾಕ್ಬೇಕು, ಆಗ ಆ ಪದ ಇರೋ ಸಾಲು ಒಂಚೂರು ಅಲ್ಲಾಡಿದ್ರೂ ತೋರ್ಸುತ್ತೆ. ನಾನು ಮೊದಲು ಎಸ್, ಸಿಗದಿದ್ರೆ ಜಿ ಅಂತ ಇಟ್ಕೊಂಡಿದೀನಿ.

ಬೈಸೆಕ್ಟ್ ಬಗ್ಗೆ ಎಲ್ಲರೂ ಹೊಗಳ್ತಾರೆ, ಯಾವ ಕಮಿಟ್‌ನಲ್ಲಿ ಕೆಟ್ಟಿತು ಅಂತ ಅರ್ಧ ಅರ್ಧ ಮಾಡ್ಕೊಂಡು ಹುಡುಕೋದು, ಸಾವಿರ ಕಮಿಟ್ ಇದ್ರೂ ಹತ್ತು ಸಲ ನೋಡಿದ್ರೆ ಸಾಕು. ಲೆಕ್ಕ ಸರಿನೇ. ಆದ್ರೆ ನಮ್ಮ ಪ್ರಾಜೆಕ್ಟಲ್ಲಿ 2020ಕ್ಕಿಂತ ಹಿಂದಿನ ಕಮಿಟ್ ಬಿಲ್ಡ್ ಆಗಲ್ಲ, ಅಂದ್ರೆ ಆ ಕೋಡಿಂದ ಓಡೋ ಪ್ರೋಗ್ರಾಂ ತಯಾರಾಗಲ್ಲ, ಆಗಿನ ಒಂದು ಲೈಬ್ರರಿ ಇದ್ದ ಸರ್ವರ್ ಈಗ ಇಲ್ಲ. ಬಿಲ್ಡ್ ಆಗದಿದ್ರೆ ಬೈಸೆಕ್ಟ್ ತಗೊಂಡು ಏನ್ ಮಾಡೋಣ. ಹೊಸ ಕೋಡಿಗೆ ಒಂದು ಸಲ ಬಳಸ್ದೆ, ಚೆನ್ನಾಗಿ ಕೆಲಸ ಮಾಡ್ತು, ಅಷ್ಟೇ ಹೇಳ್ಬಲ್ಲೆ.

ಗಿಟ್ ಒಂದೇ ಸಾಕಾ ಅಂದ್ರೆ ಇಲ್ಲ. ಈಗಿನ ಕೋಡಲ್ಲಿ ಹುಡುಕೋಕೆ ನಾನು ಬಳಸೋದು ರಿಪ್‌ಗ್ರೆಪ್, ಆಂಡ್ರ್ಯೂ ಗ್ಯಾಲಂಟ್ ಅನ್ನೋರು ರಸ್ಟ್ ಅನ್ನೋ ಭಾಷೆಯಲ್ಲಿ ಬರೆದಿದ್ದು, 2016ರಿಂದ ಇದೆ, ವಿಎಸ್ ಕೋಡ್ ಅನ್ನೋ ಎಡಿಟರ್ ಒಳಗಿನ ಸರ್ಚ್ ಕೂಡ ಇದರಿಂದಲೇ ನಡೆಯೋದು. ಕಣ್ಣು ಮಿಟುಕಿಸೋಷ್ಟ್ರಲ್ಲಿ ಉತ್ತರ. ಆದ್ರೆ ಅದು ಗಿಟ್ ಇಗ್ನೋರ್‌ನಲ್ಲಿರೋ (ಗಿಟ್ ಲೆಕ್ಕಕ್ಕೆ ತಗೋಬೇಡ ಅಂತ ಪಟ್ಟಿ ಮಾಡಿಟ್ಟ) ಫೈಲ್‌ಗಳನ್ನ ತಾನಾಗೇ ಬಿಟ್ಟುಬಿಡುತ್ತೆ, ಡಾಟ್‌ನಿಂದ ಶುರುವಾಗೋ ಫೈಲ್‌ಗಳನ್ನೂ ಬಿಡುತ್ತೆ. ನಮ್ಮಲ್ಲಿ ಬಿಲ್ಡ್ ಟೈಮಲ್ಲಿ ಹುಟ್ಟೋ ಕೋಡ್ ಎಲ್ಲಾ ಇಗ್ನೋರ್‌ನಲ್ಲಿದೆ, ಒಂದು ಕ್ಲಾಸ್ ಎಲ್ಲೂ ಇಲ್ವಲ್ಲ ಅಂತ ಅರ್ಧ ದಿನ ತಲೆ ಕೆಡಿಸ್ಕೊಂಡಿದ್ದೆ, ಕಣ್ಣೆದುರಿಗೇ ಇತ್ತು. ಡ್ಯಾಶ್ ಯು ಹಾಕಿದ್ರೆ ಇಗ್ನೋರ್ ಆದವನ್ನೂ ನೋಡುತ್ತೆ, ಎರಡು ಯು ಹಾಕಿದ್ರೆ ಅಡಗಿರೋವನ್ನೂ ನೋಡುತ್ತೆ. ಸೋರ್ಸ್‌ಟ್ರೇಲ್ ಅಂತ ಒಂದಿತ್ತು, ಯಾವ ಫಂಕ್ಷನ್ ಯಾವುದನ್ನ ಕರೆಯುತ್ತೆ ಅಂತ ಚಿತ್ರ ಬರೆದು ತೋರಿಸ್ತಿತ್ತು, ನೋಡೋಕೆ ಬಲು ಚೆಂದ, 2019ರಲ್ಲಿ ಓಪನ್ ಸೋರ್ಸ್ ಮಾಡಿದ್ರು, 2021ರ ಕೊನೆಗೆ ನಿಲ್ಲಿಸಿಬಿಟ್ರು. ಹಳೇ ವರ್ಷನ್ ಹಾಕಿ ನೋಡ್ದೆ, ನಮ್ಮ ಪ್ರಾಜೆಕ್ಟ್ ತೋರ್ಸಿದ್ರೆ ಪರದೆ ತುಂಬ ಶಾವಿಗೆ.

ಇನ್ನು ಗಿಟ್‌ನ ಕೆಟ್ಟ ಗುಣ. ದೊಡ್ಡ ಎಲ್, ದೊಡ್ಡ ಎಸ್, ದೊಡ್ಡ ಜಿ, ಮೂರು ಸಲ ದೊಡ್ಡ ಸಿ, ಇದನ್ನೆಲ್ಲ ಯಾರಾದ್ರೂ ಹೇಳಿಕೊಡದೆ ಕಲಿಯೋ ದಾರಿನೇ ಇಲ್ಲ. ಮ್ಯಾನ್ಯುಯಲ್‌ನಲ್ಲಿ ಎಲ್ಲಾ ಇದೆ, ಆದ್ರೆ ನಿಮಗೆ ಉತ್ತರ ಮೊದಲೇ ಗೊತ್ತಿದ್ರೆ ಮಾತ್ರ ಅರ್ಥ ಆಗೋ ಹಾಗೆ ಬರೆದಿದಾರೆ. ಲಿನಸ್ ಟೊರ್ವಾಲ್ಡ್ಸ್ ಇದನ್ನ 2005ರ ಏಪ್ರಿಲ್‌ನಲ್ಲಿ ಕೆಲವೇ ದಿನದಲ್ಲಿ ಕಟ್ಟಿದ್ರು, ಅವರದೇ ಲಿನಕ್ಸ್ ಕರ್ನಲ್‌ಗೆ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅಲ್ಲಿವರೆಗೆ ಬಳಸ್ತಿದ್ದ ಬಿಟ್‌ಕೀಪರ್ ಅನ್ನೋ ಇಂಥದ್ದೇ ಸಾಫ್ಟ್‌ವೇರನ್ನ ಫ್ರೀಯಾಗಿ ಕೊಡೋದು ನಿಲ್ಲಿಸಿದ್ರು ಅಂತ, ಅದೇ ಜುಲೈಯಿಂದ ಜೂನಿಯೋ ಹಮಾನೊ ನೋಡ್ಕೊಳ್ತಿದಾರೆ. ಆ ಅವಸರದ ಗುರುತು ಕಮಾಂಡ್‌ಗಳಲ್ಲಿ ಇನ್ನೂ ಹಾಗೇ ಇದೆ ಅಂತ ನನ್ನ ಅನಿಸಿಕೆ.

ಮತ್ತೆ ಚರಿತ್ರೆ ಇರೋಷ್ಟು ಮಾತ್ರ ಗಿಟ್ ಹೇಳೋದು. ಹಳೇ ಸಿಸ್ಟಮಿಂದ ಗಿಟ್‌ಗೆ ಬರುವಾಗ ಎಲ್ಲವನ್ನೂ ಒಂದೇ ಕಮಿಟ್ ಮಾಡಿ ಸುರಿದಿದ್ರೆ ಬ್ಲೇಮ್ ಅಲ್ಲಿಗೆ ಬಂದು ಗೋಡೆಗೆ ತಲೆ ಹೊಡೆಯುತ್ತೆ. ತಮಾಷೆ ಅಂದ್ರೆ ಲಿನಕ್ಸ್ ಕರ್ನಲ್ಲೇ ಹಾಗಿದೆ, ಹಳೇ ಸಾಲು ಯಾವುದಕ್ಕೆ ಬ್ಲೇಮ್ ಹಾಕಿದ್ರೂ ಏಪ್ರಿಲ್ 16, 2005ರ 2.6.12 ಆರ್‌ಸಿ2 ಅನ್ನೋ ಮೊದಲ ಕಮಿಟ್‌ಗೆ ಹೋಗಿ ನಿಲ್ಲುತ್ತೆ. ಹಿಂದಿನ ಚರಿತ್ರೆ ಇತ್ತು, ತಂದ್ರೆ 3.2 ಜಿಬಿ ಆಗುತ್ತೆ, ಸದ್ಯಕ್ಕೆ ಬೇಡ ಅಂತ ಟೊರ್ವಾಲ್ಡ್ಸ್ ಆ ಕಮಿಟ್ ಮೆಸೇಜಲ್ಲೇ ಬರೆದಿದಾರೆ. ನಮ್ಮೂರ ಪಹಣಿ ಕಂಪ್ಯೂಟರ್‌ಗೆ ಹತ್ತಿದ ಮೇಲೂ ಅಪ್ಪ ಕೈಬರಹದ ಹಳೇ ಪಹಣಿಗೆ ರೆಕಾರ್ಡ್ ರೂಮಿಗೆ ಅಲೀತಿದ್ದಿದ್ದು ನೆನಪಾಯ್ತು. ನಮ್ಮ ಪುಣ್ಯಕ್ಕೆ ಈ ಪ್ರಾಜೆಕ್ಟ್ ಹುಟ್ಟಿದಾಗಿಂದಲೂ ಗಿಟ್‌ನಲ್ಲೇ ಇದೆ, ಆದ್ರೆ ಮೆಸೇಜ್‌ಗಳ ಕಥೆ ಕೇಳ್ಬೇಡಿ, ಫಿಕ್ಸ್, ಫಿಕ್ಸ್ 2, ಫೈನಲ್ ಫಿಕ್ಸ್, ಬರೀ ಚುಕ್ಕಿ. ಚುಕ್ಕಿ ಹಾಕಿದವರ ಕಮಿಟ್‌ನಲ್ಲೂ ತಾರೀಖು ಇರುತ್ತೆ, ಜೊತೆಗೆ ಬದಲಾದ ಫೈಲ್ ಇರುತ್ತೆ, ಅಷ್ಟರಲ್ಲೇ ಎಷ್ಟೋ ಸಲ ಕೆಲಸ ಆಗಿದೆ.

ಬೆಲೆ ಸೊನ್ನೆ. ಮೂರು ತಿಂಗಳಿಗೆ ನಾನು ಕೊಡೋದು ಐದಕ್ಕೆ ನಾಲ್ಕು, ಒಂದು ಕಳೆದಿದ್ದು ಆ ಡ್ಯಾಶ್ ಅಕ್ಷರಗಳಿಗೆ. ಕೆಟಿ ವಿಡಿಯೋಗೆ ಐದಕ್ಕೆ ಅರ್ಧ.

ಆ ಟೈಪ್ 7 ಏನಾಯ್ತು ಅಂತ ಕೇಳ್ತೀರ ಅಂತ ಗೊತ್ತು. ತೆಗೀಲಿಲ್ಲ. ಮೂರು ಕಸ್ಟಮರ್‌ಗೂ ಮೇಲ್ ಹೋಯ್ತು, ಇಬ್ಬರು ರೌಂಡ್ ಮಾಡಿದ್ರೂ ಪರವಾಗಿಲ್ಲ ಅಂದ್ರು, ಮೂರನೆಯವರು ನಮ್ಮ ಸಿಸ್ಟಮ್ ಇನ್ನೂ ಅದೇ, ಮುಟ್ಬೇಡಿ ಅಂದ್ರು. ಹಾಗಾಗಿ ಆ ಎರಡು ಸಾಲಿನ ಮೇಲೆ ಆರು ಸಾಲು ಕಾಮೆಂಟ್ ಬರೆದೆ, ಎಸ್‌ಕ್ಯೂಎಲ್ ಸ್ಕ್ರಿಪ್ಟ್ ಹೆಸರು ಹಾಕ್ದೆ, 7 ಅನ್ನೋದನ್ನ ತೆಗೆದು ಅದಕ್ಕೊಂದು ಹೆಸರಿಟ್ಟೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿ ಬ್ಲೇಮ್ ಹಾಕಿ ನೋಡಿ ನನ್ನ ಡೆಸ್ಕ್ ಹತ್ರ ಬಂದು, "ಸರ್, ಈ ರೌಂಡಿಂಗ್ ತಲೆನೋವು ನೀವೇ ಬರೆದಿದ್ದಾ?" ಅಂದ್ಲು. ಡ್ಯಾಶ್ ದೊಡ್ಡ ಎಸ್ ಹಾಕಿ ನೋಡಮ್ಮ ಅಂದೆ.